ನೋರ್ಬರ್ಟನ ಕೋಟೆಗೆ ಬುರುಜು ಇರಲಿಲ್ಲ

ನೋರ್ಬರ್ಟ್ ಆ ಕೋಟೆಯನ್ನು ಕಣ್ಣಾರೆ ಕಂಡವನಲ್ಲ. ಇಂಗ್ಲೆಂಡಿಗೇ ಹೋದವನಲ್ಲ. ಆದರೂ ಅದರ ಬಾವಿಕಟ್ಟೆಗೆ ಯಾವ ಬಣ್ಣದ ಕಲ್ಲು, ಮಳೆ ಬಂದರೆ ಅಡುಗೆಮನೆಯ ಒಲೆಗೂಡಿನೊಳಗೆ ಕುರಿಗಳು ಹೇಗೆ ನುಗ್ಗುತ್ತವೆ, ಪ್ರಾರ್ಥನಾಲಯದ ಉಳಿದ ಒಂದೇ ಗೋಡೆಯ ಕಿಟಕಿಗೆ ಬಿಸಿಲು ಯಾವಾಗ ಬರುತ್ತದೆ ಎಂದು ಕೇಳಿದರೆ, ಸಿಡ್ನಿಯ ಪ್ಯಾರಮಟ್ಟಾ ಸ್ಟೇಷನ್ನಿನ ಮುಂದೆ ಬಸ್ಸು ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳುತ್ತಿದ್ದ. ಈಗ ಯಾರಾದರೂ ಆ ಮಾತು ಎತ್ತಿದರೆ ಎದ್ದು ಹೋಗುತ್ತಾನೆ.

ಕೋಟೆಯ ಹೆಸರು ನಾನು ಬರೆಯುವುದಿಲ್ಲ. ಅವರ ಮನೆಯಲ್ಲಿ ಬರೀ ‘ಕೋಟೆ’ ಎನ್ನುತ್ತಿದ್ದರು, ನನಗೂ ಅಷ್ಟೇ ಸಾಕು. ವೇಲ್ಸ್ ಗಡಿಯ ಹತ್ತಿರ ಒಂದು ಹಸಿರು ಗುಡ್ಡ, ಅದರ ಮೇಲೆ ಎಂಟು ಶತಮಾನದ ಹಿಂದೆ ಯಾವನೋ ಪಾಳೆಗಾರ ಕಟ್ಟಿಸಿದ್ದು. ಕಟ್ಟಿದವನ ವಂಶ ಅಳಿದು, ಮೇಲಿನ ಕಲ್ಲನ್ನೆಲ್ಲ ಊರವರು ದನದ ಕೊಟ್ಟಿಗೆಗೆ ಹೊತ್ತುಕೊಂಡು ಹೋಗಿ, ಈಗ ಉಳಿದಿರುವುದು ಮೊಂಡುಗೋಡೆಗಳು, ಬಾವಿ, ಒಲೆಗೂಡು, ಅರ್ಧ ಪ್ರಾರ್ಥನಾಲಯ ಮತ್ತು ಒಂದು ಬುರುಜು. ಬುರುಜಿನೊಳಗೆ ಸುತ್ತು ಮೆಟ್ಟಿಲಿದೆಯಂತೆ. ಮೇಲೆ ಹೋದರೆ ಕೋಣೆಯಿಲ್ಲ, ಸೂರಿಲ್ಲ, ಮೆಟ್ಟಿಲು ಗಾಳಿಯಲ್ಲಿ ಮುಗಿಯುತ್ತದೆ.

ನಾನು ಜಯಲಕ್ಷ್ಮಿ, ಮೈಸೂರಿನವಳು. ಕೆಲಸ ಚಾಟ್ಸ್‌ವುಡ್‌ನಲ್ಲಿ, ವಾಸ ಪ್ಯಾರಮಟ್ಟಾದಲ್ಲಿ. ನನ್ನ ಅಪಾರ್ಟ್‌ಮೆಂಟಿಗೂ ನೋರ್ಬರ್ಟನ ಅಪಾರ್ಟ್‌ಮೆಂಟಿಗೂ ನಡುವೆ ಒಂದೇ ಗೋಡೆ, ಅದೂ ಹಪ್ಪಳದಷ್ಟು ತೆಳ್ಳಗೆ. ಅವನು ನನಗಿಂತ ಚಿಕ್ಕವನು, ಜಯಕ್ಕ ಎನ್ನುತ್ತಾನೆ, ಹಾಗಾಗಿ ಏಕವಚನ. ಊರು ಮಂಗಳೂರಿನ ಉರ್ವ. ಅಲ್ಲಿ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದು, ಆಮೇಲೆ ಮಸ್ಕತ್‌ನಲ್ಲಿ ಲಾರಿ ಓಡಿಸಿ, ಕೊನೆಗೆ ನರ್ಸ್ ಹೆಂಡತಿ ಪ್ರೆಸಿಲ್ಲಾಳ ವೀಸಾದ ಬಾಲ ಹಿಡಿದು ಸಿಡ್ನಿಗೆ ಬಂದು ಬಸ್ ಡ್ರೈವರ್ ಆದವನು. ಹೀಗೆ ಹೇಳುತ್ತಿದ್ದುದೂ ಅವನೇ. ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಕಂಡಕ್ಟರನ ಗಂಟಲು ದೇಶ ಬದಲಾಯಿಸಿದರೂ ಹೋಗುವುದಿಲ್ಲ.

ಒಬ್ಬಳೇ ಮಗಳು, ಲೀಶಾ. ಕೊಂಕಣಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಕೊಂಕಣಿ ಮಾತನ್ನು ಮಾತ್ರ ಚೊಕ್ಕವಾಗಿ ಆಡುತ್ತಿದ್ದಳು: ‘ಬೆಸಾಂವ್ ದೀ’, ಆಶೀರ್ವಾದ ಕೊಡು. ಅವರ ಕ್ರೈಸ್ತ ಮನೆಗಳಲ್ಲಿ ಸಂಜೆ ಎಲ್ಲರೂ ದೇವರ ಪೀಠದ ಮುಂದೆ ಕೂತು ಜಪಸರ ಹಿಡಿದು ತೇರ್ಸ್ ಪ್ರಾರ್ಥನೆ ಹೇಳುತ್ತಾರೆ. ಮುಗಿದ ಕೂಡಲೇ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ಬಾಗಿ ಬೆಸಾಂವ್ ಕೇಳಬೇಕು, ಹಿರಿಯರು ಕೈ ಎತ್ತಬೇಕು. ಅರುವತ್ತರ ಮಗನಾದರೂ ಕೇಳಲೇಬೇಕು. ಲೀಶಾ ಮನೆಯಲ್ಲಿ ಇಲ್ಲದ ದಿನ ಅಜ್ಜಿಗೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಅಜ್ಜಿ, ನೋರ್ಬರ್ಟನ ತಾಯಿ ಸೆರಪಿನ್ ಬಾಯಿ, ಫೋನಿಗೇ ಕೈ ಎತ್ತಿ ‘ದೇವ್ ಬರೆಂ ಕರುಂ’ ಎನ್ನುತ್ತಿದ್ದರು. ದೇವರು ಒಳ್ಳೆಯದು ಮಾಡಲಿ.

ಹುಡುಗಿ ಯೂನಿವರ್ಸಿಟಿಯಲ್ಲಿ ಓದಿದ್ದು ಆರ್ಕಿಯಾಲಜಿ. ‘ಎರಡು ಸಮುದ್ರ ದಾಟಿ ಬಂದದ್ದು ಮಗಳು ಮಣ್ಣು ಅಗೀಲಿ ಅಂತ್ಲಾ ಜಯಕ್ಕ?’ ಎಂದು ನನ್ನ ಮುಂದೆ ಗೊಣಗಿ, ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆ ‘ನನ್ನ ಮಗಳು ಇಂಗ್ಲೆಂಡಿನಲ್ಲಿ ಕೋಟೆ ಅಗೀಲಿಕ್ಕೆ ಹೋಗ್ತಾಳೆ’ ಎಂದು ಜಂಬ ಕೊಚ್ಚಿದ. ಜುಲೈ ರಜೆಯಲ್ಲಿ ಅವಳು ಹೋದಳು. ಗುಡ್ಡದ ಮೇಲೆ ಒಂದು ಗುಂಪು ಹಳೇ ಅಡುಗೆಮನೆಯನ್ನು ಅಗೆಯುತ್ತಿತ್ತು, ಇವಳೂ ಸೇರಿಕೊಂಡಳು. ದಿನಾ ಫೋಟೋ ಕಳಿಸಿದಳು. ಎರಡನೇ ವಾರ, ಮಳೆ ನಿಂತ ಒಂದು ಬೆಳಿಗ್ಗೆ, ಹಗ್ಗ ಕಟ್ಟಿ ಮುಚ್ಚಿದ್ದ ಬುರುಜಿನ ಮೆಟ್ಟಿಲನ್ನು ಹತ್ತಿದಳು. ಮೇಲಿಂದ ಗುಡ್ಡದ ಫೋಟೋ ತೆಗೆಯಲು ಎಂದು ಜೊತೆಯವರು ಹೇಳಿದರು. ಕಲ್ಲು ಪಾಚಿ ಹಿಡಿದಿತ್ತು, ಕಾಲು ಜಾರಿತು. ಆಸ್ಪತ್ರೆಗೆ ಒಯ್ಯುವ ಅಗತ್ಯವೇ ಬೀಳಲಿಲ್ಲ.

ಇಲ್ಲಿ ಇಬ್ಬರು ಪೊಲೀಸರು ಬಂದು ಬಾಗಿಲು ತಟ್ಟಿದರು. ಪ್ರೆಸಿಲ್ಲಾಳ ಕೂಗು ಗೋಡೆಯಾಚೆಯಿಂದ ಕೇಳಿದಾಗ ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಆ ಕೂಗನ್ನು ಕೇಳಿದವಳಿಗೆ ಏನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಆಗ ಸೆರಪಿನ್ ಬಾಯಿ ಮೆಲ್ಬರ್ನ್‌ನಲ್ಲಿ ಚಿಕ್ಕಮಗ ಜೋಯ್ಸನ್ನನ ಮನೆಯಲ್ಲಿದ್ದರು. ಎದೆನೋವು ಬಂದು ಸ್ಟೆಂಟ್ ಹಾಕಿಸಿ ವಾರವೂ ಆಗಿರಲಿಲ್ಲ. ಆಘಾತದ ಸುದ್ದಿ ಏನೂ ಬೇಡ ಎಂದು ಡಾಕ್ಟರು ಹೇಳಿದ್ದರು. ನೋರ್ಬರ್ಟ್ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ‘ಮಾಂಯಿಗೆ ಹೇಳುವುದು ಬೇಡ. ಮಗಳು ಹೋದಳು, ತಾಯಿಯನ್ನೂ ಕಳಿಸಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ.’ ಜೋಯ್ಸನ್ ಇಂಗ್ಲೆಂಡಿಗೆ ಹೋಗಿ ದೇಹ ತಂದ. ಅವನು ಆಫೀಸ್ ಕೆಲಸಕ್ಕೆ ಹೋಗಿದ್ದಾನೆ ಎಂದು ಹೆಂಡತಿ ಜೊವಾನಿಟಾ ಅತ್ತೆಗೆ ಹೇಳಿದಳು. ಸಿಡ್ನಿಯ ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಮನೆಗೆ ಹಿರಿಯಳಾದವಳ ಹಿಡಿಮಣ್ಣು ಬೀಳಲಿಲ್ಲ.

ಮುಚ್ಚಿಡುವುದು ಸ್ವಲ್ಪ ದಿನದ ಮಟ್ಟಿಗೆ ಎಂದು ನೋರ್ಬರ್ಟ್ ಅಂದುಕೊಂಡಿದ್ದ. ಸೆಪ್ಟೆಂಬರಿನಲ್ಲಿ ಸೆರಪಿನ್ ಬಾಯಿ ಸಿಡ್ನಿಗೆ ಬಂದಾಗ ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಿದ್ದರು. ಬಂದವರೇ ‘ಲೀಶಾ ಎಲ್ಲಿ?’ ಎಂದರು. ನೋರ್ಬರ್ಟ್ ಬಾಯಿ ತೆರೆದ. ನಾನು ಅಲ್ಲೇ ನಿಂತಿದ್ದೆ, ಈಗ ಹೇಳುತ್ತಾನೆ ಎಂದೇ ತಿಳಿದೆ. ‘ಕೋಟೆಯಲ್ಲೇ ಕೆಲಸ ಕೊಟ್ಟಿದ್ದಾರೆ ಮಾಂಯ್. ಒಂದು ವರ್ಷ ಅಲ್ಲೇ’ ಎಂದ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಒಂದು ಸಾವನ್ನು ಮುಚ್ಚಲು ಎಷ್ಟು ಸುಳ್ಳು ಬೇಕೆಂದು ನಾನು ಆ ಮನೆಯಲ್ಲೇ ನೋಡಿದ್ದು. ಲೀಶಾಳ ಫೋಟೋ ಪ್ರೆಸಿಲ್ಲಾಳ ಬೀರುವಿನ ಸೀರೆಗಳ ಕೆಳಗೆ ಹೋಯಿತು. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ, ಗುಡ್ಡದ ಮೇಲೆ ಸಿಗ್ನಲ್ ಇಲ್ಲ, ಅದಕ್ಕೇ ವೀಡಿಯೋ ಕಾಲ್ ಇಲ್ಲ ಎಂದಾಯಿತು. ಚರ್ಚಿನಲ್ಲಿ ಕೊಂಕಣಿಯವರ ಪೂಜೆಗೆ ಬರುವ ಅಷ್ಟೂ ಮನೆಯವರಿಗೆ ನೋರ್ಬರ್ಟ್ ಒಬ್ಬೊಬ್ಬರಾಗಿ ಕೈಮುಗಿದು ಹೇಳಿ ಬಂದ. ಯಾರಿಗೆ ಇಲ್ಲೇ ನೆಲೆಸುವ ಪಿಆರ್ ಬಂತು, ಯಾರು ಮನೆ ಕೊಂಡರು ಎಂದು ನಿಮಿಷದಲ್ಲಿ ಊರಿಗೆಲ್ಲ ಹಬ್ಬಿಸುವ ಜನ ಈ ಒಂದು ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಹ್ಯಾರಿಸ್ ಪಾರ್ಕಿನ ಅಂಗಡಿಯಲ್ಲಿ ಕುಚ್ಚಲಕ್ಕಿ ಆರಿಸುತ್ತಿದ್ದ ಸೆರಪಿನ್ ಬಾಯಿಯನ್ನು ಕಂಡು ಒಬ್ಬ ಹೆಂಗಸು ಕಣ್ಣು ತುಂಬಿಕೊಂಡು, ಈರುಳ್ಳಿ ಮೂಟೆಯ ಹತ್ತಿರ ನಿಂತಿದ್ದಕ್ಕೆ ಎಂದು ತಾನೇ ಹೇಳಿ ಹೊರಟುಹೋದಳು.

ಸಂಜೆ ತೇರ್ಸ್ ಆದ ಮೇಲೆ ಮುದುಕಿ ಕೇಳುವುದು ಒಂದೇ. ‘ಇವತ್ತು ಕೋಟೆಯಲ್ಲಿ ಎಂತ ಮಾಡಿದಳು?’ ನೋರ್ಬರ್ಟ್ ಬಸ್ಸಿನ ಬಿಡುವಿನಲ್ಲೆಲ್ಲ ಫೋನಿನಲ್ಲಿ ಆ ಕೋಟೆಯನ್ನೇ ಓದುತ್ತಿದ್ದ. ಲೀಶಾ ಕಳಿಸಿದ್ದ ಫೋಟೋಗಳನ್ನು ಒಂದೊಂದಾಗಿ, ಇವತ್ತು ಬಂದದ್ದು ಎಂದು ತೋರಿಸುತ್ತಿದ್ದ. ಬಾವಿಯಲ್ಲಿ ಚರ್ಮದ ಬೂಟು ಸಿಕ್ಕಿತು ಎಂದ. ಒಲೆಗೂಡಿನ ಬೂದಿಯಲ್ಲಿ ಮೀನಿನ ಮುಳ್ಳು ಸಿಕ್ಕಿತು ಎಂದಾಗ ಮುದುಕಿ ನಕ್ಕು, ‘ಅವರೂ ನಮ್ಮ ಹಾಗೇ ಅಲ್ವಾ!’ ಎಂದರು. ಚಳಿ ಜಾಸ್ತಿ, ಕುರಿಗಾಹಿಯ ಹೆಂಡತಿ ಸ್ವೆಟರ್ ಕೊಟ್ಟಳು ಎಂದ. ಮಗಳಿಗೆ ನೆಗಡಿ ಬರಿಸಿದ, ವಾಸಿ ಮಾಡಿದ. ಕಡೆಗೆ ಫೋನು ತೆಗೆದು ಲೀಶಾಳ ಹಳೆಯ ವಾಯ್ಸ್ ಮೆಸೇಜ್ ಹಾಕುತ್ತಿದ್ದ. ‘ವಡ್ಲಿಮಾಂಯ್, ಬೆಸಾಂವ್ ದೀ.’ ವಡ್ಲಿಮಾಂಯ್ ಎಂದರೆ ಅಜ್ಜಿ. ಅವರ ಕೈ ಮೇಲೇಳುತ್ತಿತ್ತು.

ಪ್ರೆಸಿಲ್ಲಾ ಆ ಹೊತ್ತಿಗೆ ನನ್ನ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಂದು ದಿನ ಹೇಳಿದಳು: ‘ಅವನು ಹೇಳುವಾಗ ನನಗೂ ಹೌದು ಅಂತ ಅನಿಸ್ತದೆ ಜಯಕ್ಕ. ಸ್ವೆಟರಿನ ಬಣ್ಣ ಯಾವುದು ಅಂತ ಕೇಳಬೇಕು ಅಂತ ಅನಿಸ್ತದೆ. ಅದಕ್ಕೇ ಓಡಿ ಬರುವುದು.’ ನನಗೆ ಸಿಟ್ಟು ನೆತ್ತಿಗೇರಿತು. ಮಾರನೇ ದಿನ ನೋರ್ಬರ್ಟನನ್ನು ಕಾರ್ ಪಾರ್ಕಿನಲ್ಲಿ ಹಿಡಿದೆ.

‘ಏನೋ ಇದು? ಸತ್ತ ಮಗೂಗೆ ದಿನಾ ಹೊಸ ಬಟ್ಟೆ ಹಾಕಿ ಕೂರಿಸ್ತಿದ್ದೀಯಲ್ಲ. ಪ್ರೆಸಿಲ್ಲಾಗೆ ಅಳೋಕಾದ್ರೂ ಒಂದು ಮನೆ ಬೇಡ್ವೇನೋ?’

ಅವನು ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ‘ಮಾಂಯಿ ಇನ್ನೂ ಬದುಕಿದ್ದಾರೆ ಅಲ್ವಾ ಜಯಕ್ಕ? ಹಾಗಾದ್ರೆ ನಾನು ಮಾಡಿದ್ದು ಸರಿ.’ ನಾನು ಮಾತು ಮುಂದುವರಿಸುವ ಮೊದಲೇ ಲಿಫ್ಟಿನೊಳಗೆ ಹೋದ.

ಮುದುಕಿಗೆ ಕೋಟೆಯೆಂದರೆ ಮೊದಲಿನಿಂದ ಅಂಜಿಕೆ. ಅವರ ಹಿರಿಯರನ್ನು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕಥೆ ಅವರ ಮನೆಮನೆಯಲ್ಲೂ ಇದೆ. ನಾನು ಬುತ್ತಿ ಕಟ್ಟಿಕೊಂಡು ಪಿಕ್‌ನಿಕ್ ಹೋಗುತ್ತಿದ್ದ ಜಾಗ ಅದು. ‘ಕೋಟೆಯ ಒಳಗೆ ಹೋದವರು ಬರುವುದು ತಡ ಆಗ್ತದೆ’ ಎನ್ನುತ್ತಿದ್ದರು. ಒಂದು ಸಂಜೆ ನನ್ನೆದುರಿಗೇ ಮಗನನ್ನು ಕೇಳಿದರು: ‘ಅಲ್ಲ, ಕೋಟೆ ಅಂದ ಮೇಲೆ ಬುರುಜು ಬೇಡ್ವಾ? ನಮ್ಮ ಸುಲ್ತಾನ್ ಬತ್ತೇರಿ ನೋಡು, ಇಡೀ ಬುರುಜೇ. ನೀನು ಬಾವಿ ಹೇಳ್ತಿ, ಒಲೆ ಹೇಳ್ತಿ, ಬುರುಜು ಹೇಳುವುದೇ ಇಲ್ಲ.’

‘ಬುರುಜು ಇಲ್ಲ ಮಾಂಯ್. ಯಾವಾಗಲೋ ಬಿದ್ದುಹೋಗಿದೆ’ ಎಂದು ನೋರ್ಬರ್ಟ್ ಟಿವಿ ಹಾಕಿದ.

ನವೆಂಬರ್ ಎರಡು ಅವರಿಗೆ ಸತ್ತವರ ದಿನ. ಸ್ಮಶಾನಕ್ಕೆ ಹೋಗಿ ಗೋರಿಗಳ ಮೇಲೆ ಮೇಣದ ಬತ್ತಿ ಹಚ್ಚಬೇಕು. ಸೆರಪಿನ್ ಬಾಯಿಯ ಗಂಡನ ಗೋರಿ ಉರ್ವದಲ್ಲಿದೆ, ಆದರೂ ಇಲ್ಲಿಯ ದೊಡ್ಡ ಶಿಲುಬೆಯ ಬುಡದಲ್ಲಾದರೂ ಬತ್ತಿ ಇಡುತ್ತೇನೆಂದು ಹಟ ಹಿಡಿದರು. ಕೈಹಿಡಿದು ನಡೆಸುವವಳು ಬೇಕೆಂದು ನನ್ನನ್ನೂ ಕರೆದರು. ಶಿಲುಬೆಯಿಂದ ನಾಲ್ಕಾರು ಸಾಲು ಆಚೆ ಲೀಶಾಳ ಗೋರಿ. ಪ್ರೆಸಿಲ್ಲಾ ಅತ್ತ ಬೆನ್ನು ಮಾಡಿ ನಿಂತಿದ್ದಳು. ಸೆರಪಿನ್ ಬಾಯಿ ಗಂಡನಿಗೊಂದು, ಅಪ್ಪ ಅಮ್ಮನಿಗೊಂದು, ಹುಟ್ಟುತ್ತಲೇ ಹೋದ ತಮ್ಮ ಮೊದಲ ಕೂಸಿಗೊಂದು ಎಂದು ಹೆಸರು ಹೇಳಿ ಹೇಳಿ ಬತ್ತಿ ಹಚ್ಚಿದರು. ಕೈಯಲ್ಲಿ ಒಂದು ಉಳಿಯಿತು. ಅದನ್ನು ನೋರ್ಬರ್ಟನಿಗೆ ಕೊಟ್ಟರು.

‘ಯಾರೂ ಪ್ರಾರ್ಥನೆ ಮಾಡುವವರಿಲ್ಲದ ಆತ್ಮ ಒಂದು ಇರ್ತದೆ. ಹೊಸ ಗೋರಿ ಯಾವುದಾದರೂ ನೋಡಿ ಇಡು.’

ಅವನು ಬತ್ತಿಯನ್ನು ಅಂಗೈಯಿಂದ ಮರೆಮಾಡಿಕೊಂಡು ನೆಟ್ಟಗೆ ನಡೆದು ಹೋಗಿ ಲೀಶಾಳ ತಲೆಯ ಹತ್ತಿರ ಇಟ್ಟ. ನಾನು ಮುದುಕಿಯ ತೋಳು ಹಿಡಿದು ಕಾರಿನ ಕಡೆ ತಿರುಗಿಸಿದೆ. ಆ ಹೊತ್ತು ನೋರ್ಬರ್ಟನಿಗೆ ಏನೋ ಒಂದು ಸಮಾಧಾನ ಆಗಿತ್ತು ಎಂದು ಕಾಣುತ್ತದೆ. ಹಿಂದಿರುಗುವಾಗ ತಾಯಿಗೆ ಬಸ್ಸಿನ ಜೋಕು ಹೇಳಿ ನಗಿಸಿದ.

ಮಾರ್ಚಿನಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಕೊಂಕಣಿ ಪೂಜೆಗೆಂದು ಮೆಲ್ಬರ್ನ್‌ನಿಂದ ಫಾದರ್ ಬಂದರು. ಮೊದಲಿನಿಂದಲೂ ವಿಷಯ ಗೊತ್ತಿದ್ದವರು. ‘ನಾನಾಗಿ ಹೇಳುವುದಿಲ್ಲ ನೋರ್ಬರ್ಟ್, ಆದರೆ ಬಾಯಿ ಬಿಟ್ಟು ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ’ ಎಂದು ಮುಂಚೆಯೇ ಎಚ್ಚರಿಸಿದ್ದರು. ಮಧ್ಯಾಹ್ನ ಊಟಕ್ಕೆ ನೋರ್ಬರ್ಟನ ಮನೆಗೇ ಬಂದರು. ಸಣ್ಣಾಸ್ ಇಡ್ಲಿ ಮಾಡುವಾಗ ಕೈಜೋಡಿಸಿದ್ದೆನೆಂದು ನಾನೂ ಅಲ್ಲೇ ಇದ್ದೆ. ಊಟ ಮುಗಿದ ಮೇಲೆ ಸೆರಪಿನ್ ಬಾಯಿ ಸೆರಗಿನ ಗಂಟು ಬಿಚ್ಚಿ ಮಡಿಸಿದ ಒಂದು ನೋಟು ತೆಗೆದರು.

‘ಫಾದರ್, ನಾಳೆಯ ಪೂಜೆ ನಮ್ಮ ಲೀಶಾಳಿಗೆ ಇಡಿ. ಸುಖವಾಗಿ ಮನೆಗೆ ಬರಲಿ ಅಂತ.’

ಫಾದರ್ ಕೈ ಚಾಚಲಿಲ್ಲ. ಪಾಪ, ಎಳೇ ಪ್ರಾಯದವರು. ಸತ್ತವಳು ಮನೆಗೆ ಬರಲಿ ಎಂದು ಪೂಜೆ ಇಡುವುದು ಹೇಗೆ? ನೀರಿನ ಲೋಟ ಎತ್ತಿದರು, ಇಳಿಸಿದರು, ನೋರ್ಬರ್ಟನ ಮುಖ ನೋಡಿದರು. ಮುದುಕಿಯ ಕಣ್ಣೂ ಅದೇ ದಾರಿ ಹಿಡಿದು ಮಗನ ಮೇಲೆ ಬಂದು ನಿಂತಿತು. ಚಾಚಿದ ಕೈಯಲ್ಲಿ ನೋಟು ಹಾಗೇ ಇತ್ತು.

ನೋರ್ಬರ್ಟ್ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. ‘ಲೀಶಾ ಇಲ್ಲ ಮಾಂಯ್’ ಎಂದ.

ಎದೆ ಒಡೆಯಲಿಲ್ಲ. ಏನಾಗುತ್ತದೆ ಎಂದು ಹೆದರಿ ಇಷ್ಟು ದಿನ ಆ ನಾಟಕ ಆಡಿದ್ದನೋ ಅದು ಆಗಲೇ ಇಲ್ಲ. ಸೆರಪಿನ್ ಬಾಯಿ ಅಳಲೂ ಇಲ್ಲ. ಯಾವಾಗ ಎಂದು ಕೇಳಿದರು. ಹೇಳಿದ. ಎಲ್ಲಿಟ್ಟಿರಿ ಎಂದು ಕೇಳಿದರು. ಹೇಳಿದ. ಮೇಜಿನ ಮೇಲಿನ ಅನ್ನದ ಅಗುಳನ್ನು ಬೆರಳಲ್ಲಿ ಒಟ್ಟುಮಾಡಿದರು. ಆಮೇಲೆ ನನಗೂ ಅರ್ಥವಾಗಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದರು.

‘ದಿನಾ ತೇರ್ಸ್‌ನ ಕೊನೆಗೆ ನಾನು ಎರಡು ಸಾಲು ಹೆಸರು ಹೇಳ್ತೇನೆ. ಬದುಕಿದವರದ್ದು ಒಂದು, ಸತ್ತವರದ್ದು ಒಂದು. ಎಂಟು ತಿಂಗಳು ನಾನು ಅವಳನ್ನು ತಪ್ಪು ಸಾಲಿನಲ್ಲಿ ನಿಲ್ಲಿಸಿದೆ. ಅವಳಿಗೆ ಬೇಕಾದ ಪ್ರಾರ್ಥನೆ ಒಂದು, ನಾನು ಮಾಡಿದ್ದು ಇನ್ನೊಂದು. ಸ್ವೆಟರ್ ಸಿಗಲಿ ಅಂತ ಮಾಡಿದೆ. ನೆಗಡಿ ವಾಸಿಯಾಗಲಿ ಅಂತ ಮಾಡಿದೆ.’

‘ನಿಮ್ಮ ಜೀವಕ್ಕೆ ಹೆದರಿ ಮಾಂಯ್...’

‘ನನ್ನ ಜೀವ ಯಾರು ಕೇಳಿದ್ದು?’ ಆಗ ಮೊದಲ ಸಲ ಸ್ವರ ಏರಿತು. ‘ಗಂಡನನ್ನು ಕಳಿಸಿದ್ದೇನೆ, ಕೂಸನ್ನು ಕಳಿಸಿದ್ದೇನೆ. ಇನ್ನು ಈ ಮುದುಕಿ ಇರುವುದು ಎಂತಕ್ಕೆ? ಹೋದವರಿಗೆ ಪ್ರಾರ್ಥನೆ ಮಾಡ್ಲಿಕ್ಕೆ. ಅದೊಂದು ಕೆಲಸವನ್ನೂ ನೀನು ತೆಗೆದೆ.’ ಮತ್ತೆ ಕೇಳಿದರು: ‘ಆ ಮೇಣದ ಬತ್ತಿ? ಯಾರೂ ಇಲ್ಲದವರದ್ದು. ಅದನ್ನು ಎಲ್ಲಿಟ್ಟೆ?’

ಅವನು ತಲೆ ಎತ್ತಲಿಲ್ಲ. ‘ಅವಳ ಹತ್ತಿರ.’

‘ನಾನು ಬದುಕಿರುವಾಗ,’ ಎಂದರು ಸೆರಪಿನ್ ಬಾಯಿ, ‘ಯಾರೂ ಇಲ್ಲದವರ ಬತ್ತಿ ನನ್ನ ಮೊಮ್ಮಗಳಿಗೆ.’

ಫಾದರ್ ಎದ್ದು ಬಾಲ್ಕನಿಗೆ ಹೋದರು. ಪ್ರೆಸಿಲ್ಲಾ ಒಳಗಿಂದ ಲೀಶಾಳ ಫೋಟೋ ತಂದು ಪೀಠದ ಮೇಲೆ ಇಟ್ಟಳು. ಸೀರೆಗಳ ಕೆಳಗಿದ್ದು ಅದಕ್ಕೆ ನ್ಯಾಫ್ತಲೀನ್ ಗುಳಿಗೆಯ ವಾಸನೆ ಹತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವಳು ತನ್ನ ಮನೆಯಲ್ಲೇ ಕೂತು ಅತ್ತಳು. ಸೆರಪಿನ್ ಬಾಯಿ ಸೊಸೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಮಗನಿಗೆ ಹೇಳಿದರು: ‘ಈಗ ಬುರುಜು ಹೇಳು.’

ಹೇಳಿದ. ಬಾವಿಯನ್ನೂ ಒಲೆಯನ್ನೂ ಬಣ್ಣ ಕಟ್ಟಿ ಹೇಳಿದ ಬಾಯಿಗೆ ಬುರುಜು ಹೇಳಲು ಪದ ಸಿಗಲಿಲ್ಲ. ಸುತ್ತು ಮೆಟ್ಟಿಲು, ಹಗ್ಗ, ಪಾಚಿ, ಮಳೆ. ಅಷ್ಟರಲ್ಲಿ ಮುಗಿಯಿತು. ಕೋಟೆಯ ಮಾತು ಆ ಮನೆಯಲ್ಲಿ ಅದೇ ಕೊನೆ.

ಅಂದು ಸಂಜೆ ತೇರ್ಸ್‌ನ ಕೊನೆಗೆ ಲೀಶಾಳ ಹೆಸರು ಸತ್ತವರ ಸಾಲಿಗೆ ಬಂತು. ಪ್ರಾರ್ಥನೆ ಮುಗಿದ ಮೇಲೆ ಮುದುಕಿ ಫೋನು ತರಿಸಿ ಆ ಮೆಸೇಜನ್ನು ಹಾಕಿಸಿದರು. ‘ವಡ್ಲಿಮಾಂಯ್, ಬೆಸಾಂವ್ ದೀ.’ ಕೈ ಎತ್ತಿದರು. ಆಮೇಲೆ ನೋರ್ಬರ್ಟ್ ಬಾಗಿದ. ಮುದುಕಿಯ ಕೈ ಮಡಿಲಿಗೆ ಇಳಿಯಿತು.

‘ಮೊದಲು ಅವಳದ್ದು ಆಗಲಿ. ಎಂಟು ತಿಂಗಳ ತೇರ್ಸ್ ಬೇರೆಯಾಗಿ ಹೇಳಿ ಮುಗಿಸ್ತೇನೆ. ಆಮೇಲೆ ನಿನಗೆ ಬೆಸಾಂವ್.’

ನಾನು ಇದನ್ನು ಕ್ರೌರ್ಯ ಎಂದೇ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ತಪ್ಪು ಮಾಡಿದ್ದ, ಒಪ್ಪುತ್ತೇನೆ. ಮಗಳನ್ನು ಕಳೆದುಕೊಂಡವನೂ ಅವನೇ ತಾನೇ? ಮುದುಕಿಗೆ ಹೇಳಿಯೂ ನೋಡಿದೆ. ‘ಅವನು ನನ್ನ ಮಗ ಜಯಲಕ್ಷ್ಮಿ, ಕಾಯ್ತಾನೆ. ಅವಳು ಕಾಯುವ ಹಾಗಿಲ್ಲ’ ಎಂದರು. ದಿನಾ ಮನೆಯವರ ತೇರ್ಸ್ ಆದ ಮೇಲೆ ಒಬ್ಬರೇ ಕೂತು ಇನ್ನೊಂದು. ಗೋಡೆಯಾಚೆಯಿಂದ ಆ ಗುಣುಗುಣು ಕೇಳಿಸುತ್ತಿತ್ತು. ದಿನಾ ನೋರ್ಬರ್ಟ್ ಬಾಗುತ್ತಿದ್ದ, ಕೈ ಏಳದಿರುವುದನ್ನು ನೋಡಿ ಎದ್ದು ಬಸ್ಸಿಗೋ ಅಡುಗೆಮನೆಗೋ ಹೋಗುತ್ತಿದ್ದ. ತಾಯಿಗೆ ಮಾತ್ರೆ ಕೊಡುವುದು, ಕಾಲಿಗೆ ಎಣ್ಣೆ ಹಚ್ಚುವುದು ಒಂದನ್ನೂ ತಪ್ಪಿಸಲಿಲ್ಲ. ಅವರೂ ಅವನೊಡನೆ ಮಾತು ಬಿಡಲಿಲ್ಲ. ಊಟ ಮಾಡಿದೆಯಾ ಎಂದು ಕೇಳುತ್ತಿದ್ದರು. ಬೆಸಾಂವ್ ಒಂದೇ ಇಲ್ಲ.

ಇಲ್ಲಿಯ ಜುಲೈ ಚಳಿಗಾಲದಲ್ಲಿ, ಲೀಶಾ ಹೋಗಿ ವರ್ಷ ತುಂಬುವ ಮೊದಲೇ, ಸೆರಪಿನ್ ಬಾಯಿ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಾಗ ಹೋದರು. ನೋರ್ಬರ್ಟ್ ಬಸ್ಸಿನಲ್ಲಿದ್ದ. ಜಪಸರ ಅವರ ಮಡಿಲಲ್ಲೇ ಇತ್ತು, ಎಂಟು ತಿಂಗಳ ಬಾಕಿ ತೇರ್ಸ್‌ನಲ್ಲಿ ಅರ್ಧ ಮಾತ್ರ ಆಗಿತ್ತು. ಜೋಯ್ಸನ್ ಮೆಲ್ಬರ್ನ್‌ನಿಂದ ಬಂದವನು, ‘ಮಾಂಯಿ ನಿನ್ನನ್ನು ಮನಸ್ಸಿನಲ್ಲೇ ಕ್ಷಮಿಸಿರ್ತಾರೆ ಅಣ್ಣ’ ಎಂದ. ನೋರ್ಬರ್ಟ್ ಶವದ ಪೆಟ್ಟಿಗೆ ಮುಚ್ಚುವ ಮೊದಲು ಅದರ ಮುಂದೆ ಬಾಗಿದ, ಅಭ್ಯಾಸದಿಂದ ಒಂದು ಕ್ಷಣ ಕಾದ, ಎದ್ದ.

ಮರುದಿನದಿಂದ ಗೋಡೆಯಾಚೆ ಗುಣುಗುಣು ಮತ್ತೆ ಶುರುವಾಯಿತು. ಈ ಸಲ ಗಂಡುಸ್ವರ. ತೇರ್ಸ್‌ನಲ್ಲಿ ತೂಕಡಿಸಿ ತಾಯಿಯಿಂದ ತಲೆಗೆ ಮೊಟಕಿಸಿಕೊಳ್ಳುತ್ತಿದ್ದವನು ಈಗ ಅಮ್ಮ ಬಿಟ್ಟಲ್ಲಿಂದ ಹಿಡಿದು, ಲೀಶಾಳ ಹೆಸರಿಗೆ ದಿನಾ ಒಂದೊಂದು ತೇರ್ಸ್ ಹೇಳುತ್ತಿದ್ದ. ಆ ಕಂಡಕ್ಟರನ ಗಂಟಲು ಎಲ್ಲಿ ಹೋಯಿತೋ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣಗೆ.

ಎಂಟು ತಿಂಗಳ ಲೆಕ್ಕ ಮುಗಿಯುವ ಕಡೆಯ ದಿನ ಪ್ರೆಸಿಲ್ಲಾ ನನ್ನನ್ನು ಕರೆದಳು. ಒಬ್ಬಳೇ ನೋಡಲಾರೆ ಎಂದಳು. ನೋರ್ಬರ್ಟ್ ಡ್ಯೂಟಿಯ ನೀಲಿ ಶರ್ಟಿನಲ್ಲೇ ತಾಯಿಯ ಕುರ್ಚಿಯ ಪಕ್ಕ ಮೊಣಕಾಲೂರಿದ್ದ. ಕೊನೆಯ ಮಣಿ ಬಂತು. ಸತ್ತವರ ಸಾಲು ಹೇಳಿದ. ಅಪ್ಪ, ಹೆಸರಿಡುವ ಮೊದಲೇ ಹೋದ ಅಕ್ಕ, ಮಾಂಯಿ, ಲೀಶಾ. ಫೋನನ್ನು ಖಾಲಿ ಕುರ್ಚಿಯ ಮೇಲೆ ಇಟ್ಟು ಒತ್ತಿದ.

‘ವಡ್ಲಿಮಾಂಯ್, ಬೆಸಾಂವ್ ದೀ’ ಎಂದಳು ಲೀಶಾ.

ಆಮೇಲೆ ಅವನು ಕೈಜೋಡಿಸಿ ಬಾಗಿದ. ‘ಮುಗಿಸಿದೆ ಮಾಂಯ್. ಬೆಸಾಂವ್ ದೀ.’

ಆ ಕೋಣೆಯಲ್ಲಿ ವಯಸ್ಸಿಗೆ ಹಿರಿಯಳು ನಾನೇ. ಕೈ ತಾನಾಗಿ ಅರ್ಧಕ್ಕೆ ಎದ್ದಿತು. ಆದರೆ ಅದು ನನ್ನ ಹತ್ತಿರ ಇದ್ದ ವಸ್ತುವಲ್ಲ, ಕೊಡಲು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅವನು ತಲೆ ಬಗ್ಗಿಸಿಯೇ ಇದ್ದ, ಪ್ರೆಸಿಲ್ಲಾ ಹೋಗಿ ಭುಜ ಮುಟ್ಟುವವರೆಗೂ.